ಧ್ವನಿ ಮತ್ತು ಮೌನ: ಅಂತರಜಾಲ ಸಂಸ್ಕೃತಿಯಲ್ಲಿ ವರ್ನರ್ ಹರ್ಜೋಗ್

‘ಧ್ವನಿ’ ಎಂಬ ಪದವನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಕಿವಿಗೆ ಕೇಳುವ ದನಿ ಎಂಬುದು ಒಂದು. ವಾಚ್ಯವಾಗಿ ಹೇಳದೆ ಉಳಿಸಿದ್ದರಿಂದ ಹೊಮ್ಮುವ ಅರ್ಥ ಎಂಬುದು ಇನ್ನೊಂದು. ಒಂಬತ್ತನೆಯ ಶತಮಾನದ ಆನಂದವರ್ಧನ ಈ ಎರಡನೆಯದನ್ನು ಕಾವ್ಯದ ಆತ್ಮವೆಂದು ಪ್ರತಿಪಾದಿಸಿದ. ಅದೇ ಶತಮಾನದ ಕವಿರಾಜಮಾರ್ಗ ಅದನ್ನು ಅಲಂಕಾರಗಳ ಸಾಲಿನಲ್ಲಿ ಸೇರಿಸಿ ಮುಂದೆ ಸಾಗಿತು. ಜರ್ಮನಿಯ ಹಿರಿಯ ಚಲನಚಿತ್ರ ನಿರ್ದೇಶಕ ವರ್ನರ್ ಹರ್ಜೋಗ್ ಅವರು ಅಂತರಜಾಲ ಸಂಸ್ಕೃತಿಯಲ್ಲಿ ಪಡೆದಿರುವ ವಿಚಿತ್ರ ಸ್ಥಾನವನ್ನು ಪರಿಶೀಲಿಸಹೊರಟಾಗ ಈ ಎರಡು ಅರ್ಥಗಳು ಬೇರೆ ಬೇರೆ ದಾರಿ ಹಿಡಿದಿರುವುದು ಕಂಡುಬರುತ್ತದೆ. ಅವರ ದನಿ ಇಂದು ಅವರ ಚಿತ್ರಗಳಿಗಿಂತ ಹೆಚ್ಚು ಪ್ರಸಿದ್ಧವಾಗಿದೆ. ಅವರ ಒಂದು ಚಿತ್ರವನ್ನೂ ಪೂರ್ತಿಯಾಗಿ ನೋಡದವರು ಆ ದನಿಯನ್ನು ಗುರುತಿಸುತ್ತಾರೆ, ಅನುಕರಿಸುತ್ತಾರೆ, ಅದರಿಂದ ನಗುತ್ತಾರೆ. ಆದರೆ ಆ ಚಿತ್ರಗಳು ಯಾವ ಮೌನದ ಮೇಲೆ ನಿಂತಿವೆಯೋ ಅದು ಜಾಲದ ಕಣ್ಣಿಗೆ ಬಿದ್ದಿಲ್ಲ. ಪ್ರಸ್ತುತ ಲೇಖನದ ವಿಷಯ ಇಷ್ಟೇ.

ಹರ್ಜೋಗ್ ಅವರ ವೃತ್ತಿಜೀವನದ ಸ್ಥೂಲ ರೇಖೆ ಚಲನಚಿತ್ರಾಧ್ಯಯನದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. 1942ರಲ್ಲಿ ಮ್ಯೂನಿಕ್‌ನಲ್ಲಿ ಜನನ. ಯುದ್ಧದ ಕಾರಣ ಬಾಲ್ಯವೆಲ್ಲ ಬವೇರಿಯಾದ ಸಾಕ್ರಾಂಗ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ಹನ್ನೊಂದು ವರ್ಷವಾಗುವವರೆಗೆ ಸಿನಿಮಾ ಎಂಬುದೊಂದಿದೆಯೆಂದೇ ತಿಳಿದಿರಲಿಲ್ಲವೆಂದೂ, ಮೊದಲ ದೂರವಾಣಿ ಕರೆ ಮಾಡಿದ್ದು ಹದಿನೇಳನೆಯ ವಯಸ್ಸಿನಲ್ಲೆಂದೂ ಅವರೇ ಹೇಳಿಕೊಂಡಿದ್ದಾರೆ. ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಬೆಸುಗೆ ಕೆಲಸ ಮಾಡಿ ಕೂಡಿಸಿದ ಹಣದಿಂದ ಮೊದಲ ಕಿರುಚಿತ್ರಗಳನ್ನು ತೆಗೆದರು. 1968ರ ‘ಸೈನ್ಸ್ ಆಫ್ ಲೈಫ್’ ಬರ್ಲಿನ್ ಉತ್ಸವದಲ್ಲಿ ಬೆಳ್ಳಿಯ ಕರಡಿಯನ್ನು ಪಡೆಯಿತು. 1972ರ ‘ಅಗೀರೆ, ದಿ ರಾತ್ ಆಫ್ ಗಾಡ್’ ಅವರನ್ನು ಜಗತ್ತಿಗೆ ಪರಿಚಯಿಸಿತು. 1974ರ ಕಾಸ್ಪರ್ ಹೌಸರ್ ಕುರಿತ ಚಿತ್ರ, 1977ರ ‘ಸ್ಟ್ರೊಜೆಕ್’, 1979ರ ‘ನೊಸ್ಫೆರಾಟು’, 1982ರಲ್ಲಿ ಕಾನ್ ಉತ್ಸವದ ಶ್ರೇಷ್ಠ ನಿರ್ದೇಶನ ಪ್ರಶಸ್ತಿ ಪಡೆದ ‘ಫಿಟ್ಸ್‌ಕರಾಲ್ಡೊ’, ಇವೆಲ್ಲವೂ ಫಾಸ್‌ಬೈಂಡರ್ ಮತ್ತು ವೆಂಡರ್ಸ್ ಅವರ ಕೃತಿಗಳ ಜೊತೆಯಲ್ಲಿ ಹೊಸ ಜರ್ಮನ್ ಸಿನಿಮಾ ಎಂಬ ಹೆಸರಿನಡಿ ಚರ್ಚಿತವಾದವು. ನಮ್ಮಲ್ಲಿ ಫಿಲ್ಮ್ ಸೊಸೈಟಿಗಳ ಚಳವಳಿ ಚುರುಕಾಗಿದ್ದ ಕಾಲವೂ ಅದೇ. ಬೆಂಗಳೂರಿನ ಸುಚಿತ್ರಾ ಆರಂಭವಾದದ್ದು 1971ರಲ್ಲಿ. ಆ ಪೀಳಿಗೆಯ ಪ್ರೇಕ್ಷಕನಿಗೆ ಹರ್ಜೋಗ್ ಎಂದರೆ ಮೊದಲು ಬಿಂಬ: ಆಂಡೀಸ್ ಪರ್ವತದ ಮಂಜಿನಲ್ಲಿ ಇಳಿಯುತ್ತಿರುವ ಮನುಷ್ಯರ ಸಾಲು, ತೆಪ್ಪದ ತುಂಬ ಮಂಗಗಳು, ಬೆಟ್ಟವನ್ನೇರುತ್ತಿರುವ ಉಗಿಹಡಗು. ಅಂದು ಅವರ ಸ್ವಂತ ದನಿಯನ್ನು ಯಾರೂ ವಿಶೇಷವಾಗಿ ನೆನೆದದ್ದಿಲ್ಲ.

ದನಿ ಮುನ್ನೆಲೆಗೆ ಬಂದದ್ದು ಅವರ ವೃತ್ತಿಯ ಉತ್ತರಾರ್ಧದಲ್ಲಿ, ಕಥಾಚಿತ್ರಗಳಿಗಿಂತ ಸಾಕ್ಷ್ಯಚಿತ್ರಗಳು ಹೆಚ್ಚಾದಾಗ. 1997ರ ‘ಲಿಟ್ಲ್ ಡೀಟರ್ ನೀಡ್ಸ್ ಟು ಫ್ಲೈ’, 2005ರ ‘ಗ್ರಿಜ್ಲಿ ಮ್ಯಾನ್’, 2007ರ ‘ಎನ್‌ಕೌಂಟರ್ಸ್ ಅಟ್ ದಿ ಎಂಡ್ ಆಫ್ ದಿ ವರ್ಲ್ಡ್’, 2010ರ ‘ಕೇವ್ ಆಫ್ ಫರ್ಗಾಟನ್ ಡ್ರೀಮ್ಸ್’ ಮುಂತಾದವುಗಳಲ್ಲಿ ಅವರೇ ಇಂಗ್ಲಿಷಿನಲ್ಲಿ ನಿರೂಪಣೆ ನೀಡಿದರು. ಈ ನಿರೂಪಣೆಯ ಸ್ವರೂಪವನ್ನು ಅರಿಯಲು ನಮ್ಮ ತಾಳಮದ್ದಳೆಯ ಅರ್ಥಧಾರಿಯ ಉದಾಹರಣೆ ಹೊಂದುತ್ತದೆ. ಭಾಗವತರು ಹಾಡಿದ ಪದ್ಯದ ಶಬ್ದಾರ್ಥವನ್ನು ಹೇಳಿ ಸುಮ್ಮನಾಗುವವನು ಅರ್ಥಧಾರಿಯಲ್ಲ. ಪದ್ಯವನ್ನು ನೆಪಮಾಡಿಕೊಂಡು ಅದರಲ್ಲಿಲ್ಲದ ತರ್ಕವನ್ನು, ಸಂದೇಹವನ್ನು, ಕೆಲವೊಮ್ಮೆ ಪ್ರಸಂಗಕರ್ತನಿಗೇ ಎದುರಾದ ವಾದವನ್ನು ಬೆಳೆಸುವವನು. ಹರ್ಜೋಗ್ ಅವರ ನಿರೂಪಣೆಯೂ ಹಾಗೆಯೇ. ತೆರೆಯ ಮೇಲೆ ಕರಡಿಯ ಮುಖವಿದ್ದರೆ ಅವರು ಕರಡಿಯನ್ನು ವರ್ಣಿಸುವುದಿಲ್ಲ. ಆ ಮುಖದಲ್ಲಿ ಸ್ನೇಹವನ್ನು ಕಂಡ ಮನುಷ್ಯನೊಡನೆ ಜಗಳಕ್ಕಿಳಿಯುತ್ತಾರೆ. ಬಿಂಬಕ್ಕೂ ಮಾತಿಗೂ ನಡುವೆ ಒಂದು ಎಳೆದಾಟವಿರುತ್ತದೆ. ಪ್ರಸಂಗದಿಂದ ಬಿಡಿಸಿ ಅರ್ಥವನ್ನು ಮಾತ್ರ ಕೇಳಿದರೆ ವಾಕ್ಚಾತುರ್ಯ ಸಿಕ್ಕೀತು, ಎಳೆದಾಟ ಸಿಕ್ಕದು.

ದನಿ ಚಿತ್ರವನ್ನು ಬಿಟ್ಟು ಹೊರಗೆ ತಿರುಗುವುದು ಹೊಸ ಸಂಗತಿಯೇನಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಚಲನಚಿತ್ರಗಳ ಸಂಭಾಷಣೆಯ ಧ್ವನಿಸುರುಳಿಗಳು ನಮ್ಮ ಊರುಗಳ ಹೋಟೆಲುಗಳಲ್ಲಿ, ಜಾತ್ರೆಯ ಅಂಗಡಿಗಳಲ್ಲಿ ಮೊಳಗುತ್ತಿದ್ದ ಕಾಲವೊಂದಿತ್ತು. ಆದರೆ ಧ್ವನಿಸುರುಳಿ ಕಥೆಯ ಅನುಕ್ರಮವನ್ನು ಉಳಿಸಿಕೊಂಡಿತ್ತು; ಕೇಳುವವನು ಬಹುಮಟ್ಟಿಗೆ ಚಿತ್ರವನ್ನು ನೋಡಿದವನೇ ಆಗಿರುತ್ತಿದ್ದ. ಅಂತರಜಾಲದ ತುಣುಕು ಈ ಎರಡನ್ನೂ ಬೇಡುವುದಿಲ್ಲ. ‘ಮೀಮ್’ ಎಂಬ ಶಬ್ದವನ್ನು ರಿಚರ್ಡ್ ಡಾಕಿನ್ಸ್ 1976ರಲ್ಲಿ ‘ದಿ ಸೆಲ್ಫಿಶ್ ಜೀನ್’ ಗ್ರಂಥದಲ್ಲಿ ಚಲಾವಣೆಗೆ ತಂದಾಗ, ಒಂದು ಮನಸ್ಸಿನಿಂದ ಇನ್ನೊಂದಕ್ಕೆ ಅನುಕರಣೆಯ ಮೂಲಕ ಹರಡುವ ಸಾಂಸ್ಕೃತಿಕ ಘಟಕವೆಂಬ ಅರ್ಥದಲ್ಲಿ ಬಳಸಿದ್ದರು. ಅನುಕರಿಸಲು ಸುಲಭವಾದುದು ಬೇಗ ಹರಡುತ್ತದೆ. ಹರ್ಜೋಗ್ ಅವರಲ್ಲಿ ಅನುಕರಿಸಲು ಅತ್ಯಂತ ಸುಲಭವಾದುದು ಉಚ್ಚಾರಣೆ; ಅತ್ಯಂತ ಕಷ್ಟವಾದುದು ಎಲ್ಲಿ ಮಾತು ನಿಲ್ಲಿಸಬೇಕೆಂಬ ತಿಳಿವಳಿಕೆ.

ಜಾಲದಲ್ಲಿ ಹೆಚ್ಚು ಓಡಾಡುವ ಹರ್ಜೋಗ್ ತುಣುಕುಗಳ ಮೂಲವನ್ನು ಹುಡುಕಿದಾಗ ಗಮನಾರ್ಹವಾದ ಸಂಗತಿಯೊಂದು ಹೊರಬೀಳುತ್ತದೆ: ಅವುಗಳಲ್ಲಿ ಅತಿ ಪ್ರಸಿದ್ಧವಾದ ಹಲವು ಅವರ ಚಿತ್ರಗಳವೇ ಅಲ್ಲ. ಅಮೆಜಾನ್ ಕಾಡಿನ ನಡುವೆ ನಿಂತು ನಿಸರ್ಗದ ಅಶ್ಲೀಲತೆಯನ್ನೂ ಕೊಲೆಗಡುಕತನವನ್ನೂ ಕುರಿತು ಅವರು ಆಡುವ ಮಾತು ಲೆಸ್ ಬ್ಲಾಂಕ್ ಅವರ 1982ರ ‘ಬರ್ಡನ್ ಆಫ್ ಡ್ರೀಮ್ಸ್’ ಚಿತ್ರದ್ದು. ಎರಾಲ್ ಮಾರಿಸ್ ತಮ್ಮ ಮೊದಲ ಚಿತ್ರವನ್ನು ಮುಗಿಸಿದರೆ ಬೂಟನ್ನು ತಿನ್ನುವುದಾಗಿ ಹೇಳಿ, ಹೇಳಿದಂತೆ ಅದನ್ನು ಬೇಯಿಸಿ ಬರ್ಕ್‌ಲಿಯ ಚಿತ್ರಮಂದಿರದಲ್ಲಿ ತಿಂದದ್ದು ದಾಖಲಾಗಿರುವುದು ಅದೇ ಬ್ಲಾಂಕ್ ಅವರ 1980ರ ಕಿರುಚಿತ್ರದಲ್ಲಿ. 2006ರಲ್ಲಿ ಲಾಸ್ ಏಂಜಲಿಸ್‌ನ ಬಯಲಿನಲ್ಲಿ ಮಾತನಾಡುತ್ತಿದ್ದಾಗ ಯಾರೋ ಗಾಳಿಬಂದೂಕಿನಿಂದ ಹೊಡೆದ ಗುಂಡು ತಾಗಿ, ಅದು ಲೆಕ್ಕಕ್ಕೆ ಬರುವಂಥದಲ್ಲವೆಂದು ಅವರು ಸಂದರ್ಶನವನ್ನು ಮುಂದುವರಿಸಿದ್ದು ಬಿಬಿಸಿಯ ದೃಶ್ಯ. ಕೋಳಿಯ ಕಣ್ಣಿನಲ್ಲಿ ಕಾಣುವ ಮೂರ್ಖತನದ ಕುರಿತ ಮಾತೂ ಸಂದರ್ಶನದಿಂದ ಬಂದುದು. ಎಂದರೆ ಜಾಲದ ಹರ್ಜೋಗ್ ಬಹುಮಟ್ಟಿಗೆ ಇತರರ ಕ್ಯಾಮೆರಾದ ಮುಂದೆ ನಿಂತ ಪಾತ್ರ; ಕ್ಯಾಮೆರಾದ ಹಿಂದಿನ ಕೃತಿಕಾರನಲ್ಲ. ಗ್ರಂಥಾಲಯಗಳು ದೃಶ್ಯಸಾಮಗ್ರಿಯನ್ನು ಸೂಚೀಕರಿಸುವಾಗ ತುಣುಕಿನ ಮೂಲಚಿತ್ರ, ನಿರ್ದೇಶಕ, ವರ್ಷ ಇವುಗಳನ್ನು ನಮೂದಿಸದೆ ಬರಿಯ ‘ಹರ್ಜೋಗ್’ ಎಂದು ಬರೆದುಬಿಟ್ಟರೆ ಲೆಸ್ ಬ್ಲಾಂಕ್ ಎಂಬ ಸಮರ್ಥ ಚಿತ್ರಕಾರ ಅಳಿಸಿಹೋಗುತ್ತಾರೆ.

ಅವರದೇ ಚಿತ್ರದಿಂದ ಹೊರಟ ತುಣುಕುಗಳ ಗತಿ ಏನಾಯಿತೆಂಬುದಕ್ಕೆ ಪೆಂಗ್ವಿನ್ ಪ್ರಸಂಗ ಉತ್ತಮ ನಿದರ್ಶನ. ‘ಎನ್‌ಕೌಂಟರ್ಸ್’ ಅಂಟಾರ್ಕ್ಟಿಕದಲ್ಲಿ ಚಿತ್ರಿತವಾದುದು. ಪೆಂಗ್ವಿನ್‌ಗಳ ಅಧ್ಯಯನದಲ್ಲಿ ದೀರ್ಘಕಾಲ ಕಳೆದು ಮಾತು ಕಡಿಮೆಯಾಗಿರುವ ವಿಜ್ಞಾನಿಯೊಬ್ಬರನ್ನು ಹರ್ಜೋಗ್ ಮಾತಿಗೆಳೆಯುತ್ತಾರೆ. ಪೆಂಗ್ವಿನ್‌ಗಳಿಗೆ ಹುಚ್ಚು ಹಿಡಿಯುವುದುಂಟೇ ಎಂಬ ಪ್ರಶ್ನೆಗೆ ವಿಜ್ಞಾನಿ ಜಾಗರೂಕತೆಯಿಂದ ಉತ್ತರಿಸುತ್ತಾರೆ: ಬಂಡೆಗೆ ತಲೆ ಚಚ್ಚಿಕೊಳ್ಳುವ ಪೆಂಗ್ವಿನ್ನನ್ನು ತಾವು ಕಂಡಿಲ್ಲ, ದಿಕ್ಕು ತಪ್ಪುವುದು ಮಾತ್ರ ಉಂಟು. ಆ ಬಳಿಕ ಬರುವುದು ಆ ದೃಶ್ಯ. ಒಂದು ಪೆಂಗ್ವಿನ್ ಸಮುದ್ರದ ಕಡೆಗೂ ಹೋಗದೆ, ಹಿಂಡಿನ ಕಡೆಗೂ ಮರಳದೆ, ಸುಮಾರು ಎಪ್ಪತ್ತು ಕಿಲೋಮೀಟರ್ ಆಚೆಯ ಪರ್ವತಗಳತ್ತ ಹೊರಟುಬಿಡುತ್ತದೆ. ಹಿಡಿದು ತಂದು ಬಿಟ್ಟರೂ ಅದು ಮತ್ತೆ ಅತ್ತಲೇ ಹೋಗುವುದೆಂದು ನಿರೂಪಕ ತಿಳಿಸುತ್ತಾರೆ. ಅಲ್ಲಿನ ಮನುಷ್ಯರಿಗಿರುವ ನಿಯಮವನ್ನೂ ಹೇಳುತ್ತಾರೆ: ಅದನ್ನು ತಡೆಯಬಾರದು, ಅಲುಗದೆ ನಿಂತು ದಾರಿ ಬಿಡಬೇಕು.

2026ರ ಜನವರಿಯಲ್ಲಿ ಈ ತುಣುಕು, ತೆರೆಕಂಡ ಸುಮಾರು ಹತ್ತೊಂಬತ್ತು ವರ್ಷಗಳ ಬಳಿಕ, ‘ಶೂನ್ಯವಾದಿ ಪೆಂಗ್ವಿನ್’ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಹರಡಿತು. ಆರ್ಗನ್ ವಾದ್ಯದ ಸಂಗೀತವನ್ನು ಹೊದಿಸಿಕೊಂಡು ಬಂದ ಆ ಹಕ್ಕಿ ಕೆಲವರಿಗೆ ಬೇಸತ್ತ ನೌಕರನ ಪ್ರತೀಕವಾಯಿತು, ಕೆಲವರಿಗೆ ಲೋಕದ ದಾರಿಯನ್ನು ಧಿಕ್ಕರಿಸಿದ ವೀರನಾಯಿತು. ಓದುಗನಿಗೆ ತನ್ನ ಅರ್ಥವನ್ನು ಕಟ್ಟಿಕೊಳ್ಳುವ ಸ್ವಾತಂತ್ರ್ಯವಿದೆ. ಅದನ್ನು ಆಕ್ಷೇಪಿಸುವುದು ವಿಮರ್ಶೆಯ ಕೆಲಸವಲ್ಲ. ಆದರೆ ಕತ್ತರಿ ಎಲ್ಲೆಲ್ಲಿ ಬಿದ್ದಿದೆಯೆಂದು ನೋಡುವುದು ಖಂಡಿತವಾಗಿಯೂ ವಿಮರ್ಶೆಯ ಕೆಲಸ. ಬಿದ್ದುಹೋದದ್ದು ಎರಡು: ವಿಜ್ಞಾನಿಯ ಎಚ್ಚರದ ಉತ್ತರ, ಮತ್ತು ಅಲುಗದೆ ನಿಂತ ಮನುಷ್ಯರು. ಚಿತ್ರದಲ್ಲಿ ಆ ದೃಶ್ಯದ ದುಗುಡ ಹುಟ್ಟುವುದೇ ಇವೆರಡರಿಂದ. ಮೊದಲನೆಯದು ಹಕ್ಕಿಯ ಮನಸ್ಸು ನಮಗೆ ತಿಳಿಯದೆಂಬ ಮಿತಿಯನ್ನು ಹಾಕುತ್ತದೆ. ಎರಡನೆಯದು ಸಾವಿನ ಕಡೆಗೆ ಹೊರಟ ಜೀವದ ಮುಂದೆ ಕೈಕಟ್ಟಿ ನಿಲ್ಲಬೇಕಾದ ನೈತಿಕ ಇಕ್ಕಟ್ಟನ್ನು ನೋಡುಗನ ಮೇಲೆ ಹೇರುತ್ತದೆ. ಇವು ಹೋದ ಮೇಲೆ ಉಳಿಯುವುದು ನಾವೇ ಹಕ್ಕಿಯೆಂಬ ಹಿತವಾದ ಭಾವನೆ. ‘ಗ್ರಿಜ್ಲಿ ಮ್ಯಾನ್’ ಚಿತ್ರ ಆಮೂಲಾಗ್ರವಾಗಿ ವಿರೋಧಿಸುವುದು ಪ್ರಾಣಿಯಲ್ಲಿ ತನ್ನನ್ನೇ ಕಾಣುವ ಈ ಭಾವನೆಯನ್ನೇ ಅಲ್ಲವೆ?

ನಗೆಯ ಬಗೆಗೂ ಒಂದು ಮಾತು. ಮಕ್ಕಳ ಚಿತ್ರಪುಸ್ತಕಗಳನ್ನು ಹರ್ಜೋಗ್ ದನಿಯಲ್ಲಿ ಓದುವ ಅಣಕಗಳು, ಮನೆಗೆಲಸದವರಿಗೆ ಅವರು ಬರೆದರೆನ್ನಲಾದ ಹುಸಿ ಚೀಟಿ, ಇವುಗಳ ಹಾಸ್ಯ ನಿಂತಿರುವುದು ಒಂದು ವಿಷಮಜೋಡಣೆಯ ಮೇಲೆ: ಅತಿ ಸಣ್ಣ ಸಂಗತಿಗೆ ಅತಿ ಘನವಾದ ನಿರಾಶೆ. ಕೆಲವು ಅಣಕಗಳು ನಿಜಕ್ಕೂ ಚೆನ್ನಾಗಿವೆ. ಅವುಗಳ ಕರ್ತೃಗಳು ಹರ್ಜೋಗ್ ವಾಕ್ಯದ ಲಯವನ್ನು ಅನೇಕ ವಿದ್ವಾಂಸರಿಗಿಂತ ಸೂಕ್ಷ್ಮವಾಗಿ ಹಿಡಿದಿದ್ದಾರೆ. ಆದರೂ ಈ ನಗೆಯ ಒಂದು ಪಾಲು ಬವೇರಿಯನ್ ಛಾಯೆಯ ಇಂಗ್ಲಿಷಿಗೆ ಸಲ್ಲುತ್ತದೆ. ಹುಟ್ಟಿನಿಂದ ಇಂಗ್ಲಿಷ್ ಆಡುವವನ ಕಿವಿಗೆ ಆ ಉಚ್ಚಾರಣೆಯೇ ತತ್ತ್ವಜ್ಞಾನದಂತೆಯೂ ಹಾಸ್ಯದಂತೆಯೂ ಕೇಳುತ್ತದೆ. ನಮ್ಮ ಇಂಗ್ಲಿಷಿನಲ್ಲೂ ಕನ್ನಡದ ಛಾಯೆಯಿದೆ; ನಾವು ಆ ನಗೆಯಲ್ಲಿ ಸೇರುವಾಗ ಯಾರ ಕಿವಿಯಿಂದ ಕೇಳುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅನುಚಿತವಲ್ಲ.

ಹರ್ಜೋಗ್ ಈ ಎಲ್ಲದಕ್ಕೆ ಬಲಿಯಾದವರೆಂದು ಹೇಳಿಬಿಟ್ಟರೆ ಅರ್ಧಸತ್ಯವಾಗುತ್ತದೆ. ದಂತಕಥೆಯನ್ನು ಕಟ್ಟುವುದರಲ್ಲಿ ಅವರ ಕೈಯೂ ಇದೆ. ಕಾಯಿಲೆಬಿದ್ದ ಲೊಟ್ಟೆ ಐಸ್ನರ್ ಬದುಕಬೇಕೆಂಬ ಹರಕೆಯಂತೆ 1974ರ ಚಳಿಗಾಲದಲ್ಲಿ ಮ್ಯೂನಿಕ್‌ನಿಂದ ಪ್ಯಾರಿಸ್‌ಗೆ ನಡೆದುಹೋದದ್ದನ್ನು ಅವರು ಪುಸ್ತಕವಾಗಿಸಿದರು. ‘ದಿ ಸಿಂಪ್ಸನ್ಸ್’ನಂತಹ ವ್ಯಂಗ್ಯಚಿತ್ರ ಧಾರಾವಾಹಿಗಳಿಗೆ ಅದೇ ದನಿಯನ್ನು ಕೊಟ್ಟರು, 2019ರ ‘ದಿ ಮ್ಯಾಂಡಲೋರಿಯನ್’ನಲ್ಲಿ ನಟಿಸಿದರು, 2016ರಲ್ಲಿ ಅಂತರಜಾಲದ ಮೂಲಕವೇ ಚಿತ್ರನಿರ್ಮಾಣದ ಪಾಠ ಹೇಳಿದರು. ಬಹುಕಾಲ ಮೊಬೈಲ್ ಫೋನನ್ನು ದೂರವಿಟ್ಟವರು 2025ರಲ್ಲಿ ಇನ್‌ಸ್ಟಾಗ್ರಾಂ ಪ್ರವೇಶಿಸಿದರು. ಅದೇ ವರ್ಷ ವೆನಿಸ್ ಉತ್ಸವ ಜೀವಮಾನ ಸಾಧನೆಗಾಗಿ ಸ್ವರ್ಣಸಿಂಹವನ್ನು ನೀಡಿತು. ಎಂಬತ್ತು ದಾಟಿದ ನಿರ್ದೇಶಕನೊಬ್ಬ ಒಂದೇ ಕಾಲದಲ್ಲಿ ಉತ್ಸವದ ಗೌರವಕ್ಕೂ ಜಾಲದ ಪರಿಹಾಸ್ಯಕ್ಕೂ ಪಾತ್ರನಾಗಿರುವುದು ಅಪರೂಪವೇ ಸರಿ.

ದಂತಕಥೆಗೆ ಬೆಲೆ ತೆತ್ತವರೂ ಇದ್ದಾರೆ. ‘ಫಿಟ್ಸ್‌ಕರಾಲ್ಡೊ’ಗಾಗಿ ಸುಮಾರು 320 ಟನ್ ತೂಕದ ಹಡಗನ್ನು ಬಿಡಿಸದೆ ಇಡಿಯಾಗಿ ಬೆಟ್ಟವನ್ನು ದಾಟಿಸಿದ್ದು ಜಾಲದಲ್ಲಿ ಸಾಹಸಕಥೆಯಾಗಿ ಮೆರೆಯುತ್ತದೆ. ಚಿತ್ರಕ್ಕೆ ಪ್ರೇರಣೆಯಾದ ಐತಿಹಾಸಿಕ ವ್ಯಕ್ತಿ ತನ್ನ ಹಡಗನ್ನು ಬಿಡಿಭಾಗಗಳಾಗಿ ಕಳಚಿ ಸಾಗಿಸಿದ್ದ. ನಿರ್ದೇಶಕರ ಹಟ ಅವನನ್ನೂ ಮೀರಿಸಿತು. ಆದರೆ ಪೆರುವಿನ ಅಗ್ವರೂನ ಬುಡಕಟ್ಟಿನ ಜನ ತಮ್ಮ ನೆಲದಲ್ಲಿ ಚಿತ್ರತಂಡದ ಬೀಡನ್ನು ವಿರೋಧಿಸಿದ್ದು, 1979ರ ಕೊನೆಯಲ್ಲಿ ಆ ಬೀಡು ಸುಟ್ಟುಹೋದದ್ದು, ಚಿತ್ರೀಕರಣದಲ್ಲಿ ಅನೇಕರು ಗಾಯಗೊಂಡದ್ದು ಈ ಸಾಹಸಕಥೆಯಲ್ಲಿ ಕಾಣುವುದಿಲ್ಲ. ‘ಹುಚ್ಚು ಜೀನಿಯಸ್’ ಎಂಬ ಮೀಮು ನಿರ್ದೇಶಕರನ್ನು ಗೇಲಿ ಮಾಡುತ್ತಿರುವಂತೆ ತೋರಿದರೂ ವಾಸ್ತವದಲ್ಲಿ ಅವರನ್ನು ಪ್ರಶ್ನೆಗಳಿಂದ ರಕ್ಷಿಸುತ್ತದೆ. ಜಾಲದ ಪರಿಹಾಸ್ಯಕ್ಕಿಂತ ಎಪ್ಪತ್ತು, ಎಂಬತ್ತರ ದಶಕದ ಪತ್ರಿಕಾ ವಿಮರ್ಶೆ ಅವರ ವಿಷಯದಲ್ಲಿ ಹೆಚ್ಚು ನಿಷ್ಠುರವಾಗಿತ್ತು.

ಇನ್ನು ಸತ್ಯದ ಪ್ರಶ್ನೆ. 1999ರಲ್ಲಿ ಮಿನ್ನೆಸೋಟದಲ್ಲಿ ಪ್ರಕಟಿಸಿದ ಘೋಷಣೆಯಲ್ಲಿ ಹರ್ಜೋಗ್ ಬರಿಯ ವಾಸ್ತವಾಂಶಗಳ ಸತ್ಯವನ್ನು ಲೆಕ್ಕಿಗನ ಸತ್ಯವೆಂದು ಕರೆದು, ಕಲ್ಪನೆಯ ಮತ್ತು ಶೈಲೀಕರಣದ ಮೂಲಕ ಮಾತ್ರ ತಲುಪಬಹುದಾದ ಒಂದು ಉನ್ಮತ್ತ ಸತ್ಯವಿದೆಯೆಂದು ಸಾರಿದರು. ಅವರ ಸಾಕ್ಷ್ಯಚಿತ್ರಗಳಲ್ಲಿ ಕಟ್ಟಿದ ದೃಶ್ಯಗಳಿರುವುದನ್ನು ಅವರು ಮುಚ್ಚಿಟ್ಟಿಲ್ಲ. ‘ಲಿಟ್ಲ್ ಡೀಟರ್’ ಚಿತ್ರದಲ್ಲಿ ಸೆರೆಯಿಂದ ಪಾರಾಗಿ ಬಂದ ವಿಮಾನಚಾಲಕ ತನ್ನ ಮನೆಯ ಬಾಗಿಲನ್ನು ಮತ್ತೆ ಮತ್ತೆ ತೆರೆದು ಮುಚ್ಚುವ ಅಭ್ಯಾಸ ನಿರ್ದೇಶಕರು ಕೊಟ್ಟದ್ದು. ಕುವೈತಿನ ತೈಲಬಾವಿಗಳ ಬೆಂಕಿಯನ್ನು ಕುರಿತ 1992ರ ‘ಲೆಸನ್ಸ್ ಆಫ್ ಡಾರ್ಕ್‌ನೆಸ್’ನ ಆರಂಭದಲ್ಲಿ ಪಾಸ್ಕಲ್‌ನ ಹೆಸರಿನಲ್ಲಿ ಬರುವ ಮಾತು ಪಾಸ್ಕಲ್‌ನದಲ್ಲ, ಹರ್ಜೋಗ್ ಅವರದೇ. ಪಾಸ್ಕಲ್‌ನ ಬಾಯಿಗೆ ಮಾತು ತುರುಕಿದವರ ಬಾಯಿಗೆ ಜಾಲವು ಇಂದು ಮಾತು ತುರುಕುತ್ತಿದೆ. ಇದನ್ನು ನ್ಯಾಯವೆಂದು ನಕ್ಕುಬಿಡಬಹುದಿತ್ತು. 2022ರಲ್ಲಿ ಹರ್ಜೋಗ್ ಹಾಗೂ ತತ್ತ್ವಜ್ಞ ಸ್ಲಾವೊಯ್ ಜಿಜೆಕ್ ಅವರ ದನಿಗಳನ್ನು ಕೃತಕ ಬುದ್ಧಿಮತ್ತೆಯಿಂದ ಅನುಕರಿಸಿ, ಇಬ್ಬರೂ ಕೊನೆಯಿಲ್ಲದೆ ಸಂಭಾಷಿಸುವಂತೆ ಮಾಡಿದ ಪ್ರಯೋಗವೊಂದು ಜಾಲದಲ್ಲಿ ಕಾಣಿಸಿಕೊಂಡಿತು. ಅದನ್ನು ರೂಪಿಸಿದವರ ಉದ್ದೇಶ ಇಂಥ ಅನುಕರಣೆ ಎಷ್ಟು ಸುಲಭವಾಗಿದೆಯೆಂದು ಎಚ್ಚರಿಸುವುದಾಗಿತ್ತು. ಅಲ್ಲಿ ದನಿಯಿದೆ, ಲಯವಿದೆ, ಗಾಂಭೀರ್ಯದ ಸೋಗಿದೆ. ಹೇಳುವವನಿಲ್ಲ, ಆದ್ದರಿಂದ ಸುಮ್ಮನಾಗುವವನೂ ಇಲ್ಲ.

ಪಾಸ್ಕಲ್‌ನ ಹುಸಿ ಉಲ್ಲೇಖಕ್ಕೂ ಯಂತ್ರದ ಹುಸಿ ದನಿಗೂ ಇರುವ ಅಂತರವನ್ನು ಸ್ಪಷ್ಟಪಡಿಸುವುದು ಅಗತ್ಯ. ಹರ್ಜೋಗ್ ಕಟ್ಟಿದ ಸುಳ್ಳಿಗೆ ಒಬ್ಬ ಹೊಣೆಗಾರನಿದ್ದಾನೆ. ಆತ ಬಹಿರಂಗವಾಗಿ ಅದನ್ನು ತನ್ನದೆಂದು ಒಪ್ಪಿದ್ದಾನೆ. ಅದು ಒಂದು ಕೃತಿಯ ಬಾಗಿಲಲ್ಲಿ, ನಿರ್ದಿಷ್ಟ ಪ್ರಯೋಜನಕ್ಕಾಗಿ ನಿಂತಿದೆ. ಆದರೂ ಉನ್ಮತ್ತ ಸತ್ಯದ ವಾದ ಹುಟ್ಟಿದ್ದು ಪ್ರೇಕ್ಷಕ ಸಾಕ್ಷ್ಯಚಿತ್ರವನ್ನು ಸುಲಭವಾಗಿ ನಂಬುತ್ತಿದ್ದ ಕಾಲದಲ್ಲಿ. ಆ ನಂಬಿಕೆಯೇ ಅದರ ಬಂಡವಾಳ. ಯಾವ ಚಿತ್ರವನ್ನೂ ಯಾವ ದನಿಯನ್ನೂ ನಂಬಲಾಗದ ಇಂದಿನ ಸ್ಥಿತಿಯಲ್ಲಿ ಲೆಕ್ಕಿಗನ ಸತ್ಯಕ್ಕೆ ಹಿಂದಿಲ್ಲದ ಬೆಲೆ ಬಂದಿದೆ. ಈ ಬದಲಾವಣೆಗೆ ಹರ್ಜೋಗ್ ಅವರ ಸಿದ್ಧಾಂತದ ಮಾತಿನಲ್ಲಿ ಸಮರ್ಪಕವಾದ ಉತ್ತರವಿದೆಯೆಂದು ಈ ಲೇಖಕನಿಗೆ ಅನ್ನಿಸುವುದಿಲ್ಲ. ಉತ್ತರವಿದ್ದರೆ ಅದು ಅವರ ಚಿತ್ರಗಳ ರೀತಿಯಲ್ಲಿದೆ, ವಿಶೇಷವಾಗಿ ಅವರು ಕೇಳಿಸದೆ, ತೋರಿಸದೆ ಬಿಟ್ಟ ಎಡೆಗಳಲ್ಲಿ.

1971ರ ‘ಲ್ಯಾಂಡ್ ಆಫ್ ಸೈಲೆನ್ಸ್ ಅಂಡ್ ಡಾರ್ಕ್‌ನೆಸ್’ ಕುರುಡು ಮತ್ತು ಕಿವುಡು ಎರಡೂ ಇರುವವರನ್ನು ಕುರಿತದ್ದು. ಅಲ್ಲಿ ಮಾತು ಅಂಗೈಯ ಮೇಲೆ ಬೆರಳಿನಿಂದ ಬರೆದ ಸ್ಪರ್ಶವಾಗಿ ಸಾಗುತ್ತದೆ. ಕೊನೆಯಲ್ಲಿ ಒಬ್ಬಾತ ಗುಂಪನ್ನು ಬಿಟ್ಟು ನಡೆದು, ಮರವೊಂದಕ್ಕೆ ತಾಗಿ, ಅದರ ಕೊಂಬೆಗಳನ್ನು ಕೈಯಿಂದ ಸವರುತ್ತ ನಿಲ್ಲುತ್ತಾನೆ; ಕ್ಯಾಮೆರಾ ದೂರದಿಂದ ನೋಡುತ್ತದೆ. ಅಮೆಜಾನಿನ ಮಾತುಗಾರಿಕೆಯಿಂದ ಹರ್ಜೋಗ್ ಅವರನ್ನು ಬಲ್ಲವರು ಈ ಚಿತ್ರವನ್ನು ಅವರದೆಂದು ಗುರುತಿಸಲಾರರು.

‘ಗ್ರಿಜ್ಲಿ ಮ್ಯಾನ್’ನಲ್ಲಿ ಇದೇ ರೀತಿ ಇನ್ನೂ ತೀಕ್ಷ್ಣವಾಗುತ್ತದೆ. ಅಲಾಸ್ಕದಲ್ಲಿ ಕರಡಿಗಳ ನಡುವೆ ಬೇಸಗೆಗಳನ್ನು ಕಳೆದ ಟಿಮೊಥಿ ಟ್ರೆಡ್‌ವೆಲ್ ಮತ್ತು ಅವರ ಸಂಗಾತಿ 2003ರ ಅಕ್ಟೋಬರಿನಲ್ಲಿ ಕರಡಿಗೆ ಬಲಿಯಾದರು. ಆ ಹೊತ್ತಿನಲ್ಲಿ ಕ್ಯಾಮೆರಾದ ಮುಚ್ಚಳ ತೆಗೆದಿರಲಿಲ್ಲವಾದರೂ ಧ್ವನಿ ಮುದ್ರಿತವಾಗಿತ್ತು. ಟ್ರೆಡ್‌ವೆಲ್ ಅವರ ಗೆಳತಿಯೊಬ್ಬರ ಎದುರು ಕುಳಿತು ಹರ್ಜೋಗ್ ಆ ಮುದ್ರಿಕೆಯನ್ನು ಕಿವಿಗೆ ಹಾಕಿಕೊಂಡ ಸಾಧನದಲ್ಲಿ ಕೇಳುತ್ತಾರೆ. ಪ್ರೇಕ್ಷಕನಿಗೆ ಕಾಣುವುದು ಅವರ ತಲೆಯ ಒಂದು ಪಾರ್ಶ್ವ, ಮತ್ತು ಅವರನ್ನೇ ನೋಡುತ್ತಿರುವ ಆ ಹೆಂಗಸಿನ ಮುಖ. ನಮಗೆ ಏನೂ ಕೇಳಿಸುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವರು ಅದನ್ನು ನಿಲ್ಲಿಸಲು ಹೇಳಿ, ಎಂದೂ ಇದನ್ನು ಕೇಳಬೇಡಿ, ನಾಶಮಾಡಿ ಎಂಬ ಅರ್ಥದ ಸಲಹೆ ಕೊಡುತ್ತಾರೆ. ಆ ಕ್ಷಣವನ್ನು ಅತಿನಾಟಕೀಯವೆಂದು ಆಕ್ಷೇಪಿಸಿದವರಿದ್ದಾರೆ. ಕೇಳುವುದನ್ನು ಪ್ರದರ್ಶಿಸಿ ಕೇಳಿಸದಿರುವುದು ಕುತೂಹಲವನ್ನು ಕೆರಳಿಸುವ ತಂತ್ರವೆಂಬ ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಜಾಲದಲ್ಲಿ ಆ ಮುದ್ರಿಕೆಯೆಂಬ ಹೆಸರಿನ ಹುಸಿ ಧ್ವನಿಗಳು ಹುಟ್ಟಿಕೊಂಡದ್ದೂ ಈ ಕುತೂಹಲದಿಂದಲೇ. ಆದರೂ ಕೇಳಿಸಿದ್ದರೆ ಚಿತ್ರ ಏನಾಗುತ್ತಿತ್ತೆಂದು ಊಹಿಸಿದರೆ ಸಾಕು. ಕೇಳಿಸದ ಆ ದನಿ ಆ ಹೆಂಗಸಿನ ಮುಖದಲ್ಲಿ ಧ್ವನಿತವಾಗುತ್ತದೆ. ಆನಂದವರ್ಧನನ ಪಾರಿಭಾಷಿಕ ಅರ್ಥದಲ್ಲಿ ಈ ಮಾತನ್ನು ಬಳಸಲು ಅಡ್ಡಿಯಿಲ್ಲ.

2016ರ ‘ಲೋ ಅಂಡ್ ಬಿಹೋಲ್ಡ್’ ಅಂತರಜಾಲವನ್ನೇ ವಸ್ತುವಾಗಿ ಆರಿಸಿಕೊಂಡ ಚಿತ್ರ. ಜಾಲಸಂಪರ್ಕದ ಕಂಪನಿಯೊಂದರ ಬೆಂಬಲದಿಂದ ತಯಾರಾದರೂ ಜಾಹೀರಾತಾಗದೆ ಉಳಿಯಿತು. ಹತ್ತು ಅಧ್ಯಾಯಗಳ ಈ ಚಿತ್ರ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಒಂದು ಸಣ್ಣ ಕೋಣೆಯಿಂದ ಹೊರಡುತ್ತದೆ. 1969ರ ಅಕ್ಟೋಬರ್ 29ರಂದು ಒಂದು ಗಣಕದಿಂದ ಇನ್ನೊಂದಕ್ಕೆ ಮೊದಲ ಸಂದೇಶ ಹೋದದ್ದು ಅಲ್ಲಿಂದ. ‘ಲಾಗಿನ್’ ಎಂಬ ಪದದ ಮೊದಲೆರಡು ಅಕ್ಷರಗಳು ಮುಟ್ಟಿದ ಮೇಲೆ ಆಚೆಯ ಯಂತ್ರ ಕೆಟ್ಟು ನಿಂತಿತು. ಚಿತ್ರದ ಹೆಸರು ಆ ಎರಡು ಅಕ್ಷರಗಳದೇ. ಮಂಗಳಗ್ರಹ, ರೋಬೋಟು, ಸೌರಜ್ವಾಲೆ ಎಂದು ಚಿತ್ರ ಎಲ್ಲೆಲ್ಲೋ ಅಲೆಯುತ್ತದೆ; ಎಲ್ಲ ಅಧ್ಯಾಯಗಳೂ ಸಮಾನ ಬಿಗಿಯುಳ್ಳವಲ್ಲ. ಕೆಲವು ಪ್ರಶ್ನೆಗಳಲ್ಲಿ ನಿರ್ದೇಶಕರು ತಮ್ಮದೇ ಮೀಮಿಗೆ ಒಪ್ಪುವಂತೆ ಮಾತನಾಡುತ್ತಿರುವರೇನೋ ಎಂಬ ಶಂಕೆಯೂ ಬರುತ್ತದೆ.

ಆದರೆ ನಡುವೆ ಒಂದು ಅಧ್ಯಾಯವಿದೆ. 2006ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಾರು ಅಪಘಾತದಲ್ಲಿ ಮಡಿದ ತರುಣಿಯೊಬ್ಬಳ ಶವದ ಛಾಯಾಚಿತ್ರಗಳು ಸೋರಿ ಜಾಲದಲ್ಲಿ ಹರಡಿದವು. ಅಪರಿಚಿತರು ಅವನ್ನು ಆಕೆಯ ತಂದೆಗೇ ಕ್ರೂರವಾದ ಮಾತುಗಳೊಡನೆ ಕಳುಹಿಸಿದರು. ಆ ಕುಟುಂಬವನ್ನು ಹರ್ಜೋಗ್ ಅವರ ಮನೆಯಲ್ಲೇ ಚಿತ್ರೀಕರಿಸಿದ್ದಾರೆ. ಎಲ್ಲರೂ ಕ್ಯಾಮೆರಾಕ್ಕೆ ಎದುರಾಗಿ, ಕದಲದೆ ಇದ್ದಾರೆ. ಜಾಲವು ಕೆಡುಕಿನ ಅವತಾರವೆಂದು ತಾಯಿ ಹೇಳುತ್ತಾರೆ. ನಿರ್ದೇಶಕರು ಅದನ್ನು ತಿದ್ದುವುದಿಲ್ಲ, ಒಪ್ಪುವುದೂ ಇಲ್ಲ. ಮಗಳ ಶವದ ಚಿತ್ರವಿರಲಿ, ಆಕೆ ಬದುಕಿದ್ದಾಗಿನ ಒಂದು ಭಾವಚಿತ್ರವನ್ನೂ ಚಿತ್ರ ತೋರಿಸುವುದಿಲ್ಲ. ಅಷ್ಟು ಮಾತಿನ ನಿರೂಪಕ ಇಲ್ಲಿ ಕೆಲವೇ ವಾಕ್ಯಗಳನ್ನಾಡಿ ಸುಮ್ಮನಾಗುತ್ತಾರೆ. ಕ್ಯಾಮೆರಾ ಮಾತ್ರ ಇನ್ನೂ ಕೆಲಹೊತ್ತು ಆ ಮುಖಗಳ ಮೇಲೆಯೇ ನಿಂತಿರುತ್ತದೆ.